ಒಡೆಯೋ ಹಕ್ಕು ಇರಲಿ, ಬೀಗದ ಕೈ ಯಾರ ಹತ್ತಿರ ಐತೆ ಹೇಳಿ

ಉದ್ದದ ಬರಹ. ಬಿಡುವು ಮಾಡ್ಕೊಂಡು ಓದಿ, ಆಮೇಲೆ ಜಗಳ ಆಡೋಣ.

ಚಳ್ಳಕೆರೆ, ಮೊಳಕಾಲ್ಮೂರು ಕಡೆ ಸಂಘಟನೆ ಅಂತ ಓಡಾಡಿದವರಿಗೆಲ್ಲ ಒಂದು ಮಾತು ಕೇಳಿ ಕೇಳಿ ಸಾಕಾಗಿದೆ: "ನಿಮ್ಮೋರು ಒಟ್ಟಿಗೆ ಇರೋದೇ ಇಲ್ಲ ಬಿಡಿ." ಹೇಳೋರು ಯಾರು? ಪಕ್ಷ ಒಡೆದು ಸರ್ಕಾರ ಮಾಡಿದವರು, ಮಠ ಒಡೆದು ಇನ್ನೊಂದು ಪೀಠ ಮಾಡ್ಕೊಂಡವರು. ಅವರು ಒಡೆದರೆ ರಾಜಕೀಯ ಜಾಣ್ಮೆ, ನಾವು ಒಡೆದರೆ ಹುಟ್ಟು ಗುಣ. ಈ ಮಾತಿಗೆ ಕೋಪ ಬರೋದು ಸಹಜ. ಆದರೆ ಕೋಪದಲ್ಲಿ ಒಂದು ನಿಜವಾದ ಪ್ರಶ್ನೆ ಮುಚ್ಚಿಹೋಗುತ್ತೆ. ನಾವು ಯಾಕೆ ಒಡೀತೀವಿ? ಒಡೆದಾಗ ಏನು ಕಳ್ಕೋತೀವಿ? ಒಡೆದಮೇಲೆ ಕೂಡೋಕೆ ದಾರಿ ಇದೆಯಾ?

ಬೆಂಗಳೂರಲ್ಲಿ ಸಾಫ್ಟ್‌ವೇರ್ ಕೆಲಸ ಮಾಡೋ ನಮ್ಮ ಕಡೆಯ ಹುಡುಗನೊಬ್ಬ ಇದೇ ವಿಷಯಕ್ಕೆ, "ಅಣ್ಣ, ನಮ್ಮಲ್ಲಿ ಇದಕ್ಕೆ ಫೋರ್ಕ್ ಅಂತೀವಿ, ಅದನ್ನ ಯಾರೂ ಅವಮಾನ ಅಂದ್ಕೊಳ್ಳಲ್ಲ" ಅಂದ. ಆ ಪದ ಹಿಡ್ಕೊಂಡು ಓದ್ತಾ ಹೋದೆ. ಓದಿದ್ದನ್ನ ನಮ್ಮ ಚರಿತ್ರೆಯ ಪಕ್ಕದಲ್ಲಿ ಇಟ್ಟು ನೋಡಿದಾಗ ತಿಳಿದಿದ್ದು ಇಷ್ಟು: ಒಡೆಯೋದು ಪಾಪವಲ್ಲ. ನಿಯಮ ಬರೆದಿಡದೆ, ಲೆಕ್ಕ ಬಿಚ್ಚಿಡದೆ, ಎಲ್ಲರ ಸ್ವತ್ತನ್ನ ಒಬ್ಬರ ಜೇಬಲ್ಲಿ ಇಟ್ಟುಕೊಳ್ಳೋದೇ ನಮ್ಮನ್ನ ತಿಂತಿರೋ ರೋಗ.

ಮೊದಲು ಫೋರ್ಕ್ ಅಂದರೇನು ಅಂತ ಹೇಳಿಬಿಡ್ತೀನಿ. ನಾನು ಕಚೇರಿ ಗುಮಾಸ್ತ, ನನ್ನ ಭಾಷೆಯಲ್ಲೇ ಹೇಳ್ತೀನಿ. ಸಾರ್ವಜನಿಕರ ಕೈಗೆ ಸಿಗೋದು ಆದೇಶದ ಪ್ರತಿ. ಆ ಆದೇಶ ಯಾಕೆ ಹಾಗಾಯ್ತು, ಯಾರು ಏನು ಬರೆದರು, ಎಲ್ಲಿ ತಿದ್ದಿದರು ಅನ್ನೋದು ಇರೋದು ಕಡತದ ಟಿಪ್ಪಣಿ ಹಾಳೆಯಲ್ಲಿ. ಸಾಫ್ಟ್‌ವೇರ್‌ನಲ್ಲೂ ಹಾಗೆಯೇ. ನಾವು ಕಂಪ್ಯೂಟರಿಗೆ ಹಾಕಿಕೊಳ್ಳೋದು ಆದೇಶದ ಪ್ರತಿ. ಅದರ ಟಿಪ್ಪಣಿ ಹಾಳೆಗೆ ಸೋರ್ಸ್ ಕೋಡ್ ಅಂತಾರೆ. ಬಹಳ ಕಂಪನಿಗಳು ಅದನ್ನ ಬೀರುವಿನಲ್ಲಿಟ್ಟು ಬೀಗ ಹಾಕ್ತಾವೆ.

ಅಮೆರಿಕದ ರಿಚರ್ಡ್ ಸ್ಟಾಲ್ಮನ್ ಅನ್ನೋರು 1983ರಲ್ಲಿ ಇದಕ್ಕೆ ತಿರುಗಿ ನಿಂತರು. ತಂತ್ರಾಂಶವನ್ನ ಯಾರು ಬೇಕಾದರೂ ಬಳಸಬೇಕು, ಬಿಚ್ಚಿ ಓದಬೇಕು, ತಿದ್ದಬೇಕು, ತಿದ್ದಿದ್ದನ್ನ ಹಂಚಬೇಕು ಅಂತ ಗ್ನೂ ಯೋಜನೆ ಘೋಷಿಸಿದರು. 1989ರಲ್ಲಿ ಅದಕ್ಕೊಂದು ಪರವಾನಗಿ ಬರೆದರು, ಜಿಪಿಎಲ್ ಅಂತ. ಅದರ ಒಂದು ಕರಾರು ಬಹಳ ಮುಖ್ಯ: ನೀನು ತಿದ್ದಿ ಹಂಚಿದರೆ, ನಿನ್ನ ತಿದ್ದುಪಡಿಯ ಟಿಪ್ಪಣಿ ಹಾಳೆಯನ್ನೂ ಹಂಚಬೇಕು. ತಗೊಂಡವನು ಬೀಗ ಹಾಕೋ ಹಾಗಿಲ್ಲ.

ಇಂಥ ಯೋಜನೆಯಲ್ಲಿ ಕೆಲಸ ಮಾಡೋರಿಗೆ ಭಿನ್ನಾಭಿಪ್ರಾಯ ಬಂದು, ಒಂದು ಗುಂಪು ಇಡೀ ಕೋಡನ್ನ ನಕಲು ಮಾಡ್ಕೊಂಡು ಬೇರೆ ಹೆಸರಲ್ಲಿ ಮುಂದುವರಿಸಿದರೆ ಅದೇ ಫೋರ್ಕ್. ಕವಲು. ಇದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ, ಪರವಾನಗಿಯಲ್ಲೇ ಹಕ್ಕಿದೆ.

ಇಲ್ಲೊಂದು ವ್ಯತ್ಯಾಸ ಗಮನಿಸಿ. ಉಚಿತ ಬೇರೆ, ಮುಕ್ತ ಬೇರೆ. ಕನ್ನಡಕ್ಕೆ 1998ರಲ್ಲಿ ಶೇಷಾದ್ರಿವಾಸು ಅವರ 'ಬರಹ' ಬಂತು. ಆಮೇಲೆ ಕನ್ನಡ ಗಣಕ ಪರಿಷತ್ತಿನ 'ನುಡಿ' ಬಂತು, ಸರ್ಕಾರಿ ಕಚೇರಿಗಳೆಲ್ಲ ಅದರಲ್ಲೇ ಟೈಪ್ ಮಾಡಿದವು. ಕನ್ನಡಕ್ಕೆ ಇವೆರಡರ ಉಪಕಾರ ಸಣ್ಣದಲ್ಲ, ನಾನೇ ಅದರ ಅನ್ನ ತಿಂದೋನು. ಆದರೆ ಹಳೇ ಫಾಂಟಿನಲ್ಲಿ ಟೈಪ್ ಮಾಡಿದ ಕಡತವನ್ನ ಆ ಫಾಂಟ್ ಇಲ್ಲದ ಕಂಪ್ಯೂಟರಲ್ಲಿ ತೆಗೆದರೆ ಅಕ್ಷರವೆಲ್ಲ ಕಲಸುಮೇಲೋಗರ. ಬರೆದ ಅರ್ಜಿ ನಮ್ಮದು, ಅದನ್ನ ಓದೋ ಕೀಲಿ ಇನ್ನೊಬ್ಬರದು. ಯೂನಿಕೋಡ್ ಬಂದಮೇಲೆ, ಹಳೇ ಬರಹವನ್ನ ಅದಕ್ಕೆ ಬದಲಿಸೋ ಪರಿವರ್ತಕಗಳನ್ನ ಉತ್ಸಾಹಿಗಳು ಬರೆದು ಹಂಚಿದಮೇಲೆ ತೊಡಕು ಸಡಿಲವಾಯ್ತು. ಕಾಸಿಲ್ಲದೆ ಕೊಟ್ಟರು ಅನ್ನೋದು ಒಂದು ದಯೆ. ಕೀಲಿ ಸಮೇತ ಕೊಟ್ಟರೆ ಅದು ಹಕ್ಕು. ದಯೆಗೂ ಹಕ್ಕಿಗೂ ಇರೋ ವ್ಯತ್ಯಾಸ ನಮ್ಮ ಜನಕ್ಕೆ ಯಾರೂ ಪಾಠ ಮಾಡಬೇಕಾಗಿಲ್ಲ.

ಈಗ ಕವಲೊಡೆದ ಕಥೆ. ಸ್ಟಾರ್ ಆಫೀಸ್ ಅಂತ ಜರ್ಮನಿಯ ಕಂಪನಿಯೊಂದು ಮಾಡಿದ ಕಚೇರಿ ತಂತ್ರಾಂಶ ಇತ್ತು, ಪತ್ರ ಬರೆಯೋಕೆ, ಲೆಕ್ಕದ ಹಾಳೆ ಮಾಡೋಕೆ. 1999ರಲ್ಲಿ ಅಮೆರಿಕದ ಸನ್ ಕಂಪನಿ ಅದನ್ನ ಕೊಂಡು, 2000ದಲ್ಲಿ ಸೋರ್ಸ್ ಕೋಡ್ ಬಿಚ್ಚಿಟ್ಟಿತು. ಹೆಸರು ಓಪನ್ ಆಫೀಸ್. ಲೋಕದ ಮೂಲೆಮೂಲೆಯಿಂದ ಜನ ಕೈಜೋಡಿಸಿದರು. ಆದರೆ ಹೆಸರು, ನಿರ್ಧಾರ ಎರಡೂ ಕಂಪನಿ ಕೈಲೇ. ಯೋಜನೆಯನ್ನ ಸ್ವತಂತ್ರ ಪ್ರತಿಷ್ಠಾನಕ್ಕೆ ವಹಿಸಿ ಅನ್ನೋ ಬೇಡಿಕೆ ವರ್ಷಗಟ್ಟಲೆ ಹಾಗೇ ಉಳೀತು. 2010ರ ಜನವರಿಯಲ್ಲಿ ಒರಾಕಲ್ ಕಂಪನಿ ಸನ್ ಕಂಪನಿಯನ್ನೇ ಕೊಂಡಿತು. ದುಡಿದವರನ್ನ ಯಾರೂ ಕೇಳಲಿಲ್ಲ. ಯಜಮಾನ ಬದಲಾದ, ಜೊತೆಗೆ ಆಳುಗಳೂ ವರ್ಗ ಆದ ಹಾಗೆ.

2010ರ ಸೆಪ್ಟೆಂಬರ್ 28ರಂದು ಆ ದುಡಿದವರು ಎದ್ದುಬಂದರು. ಡಾಕ್ಯುಮೆಂಟ್ ಫೌಂಡೇಶನ್ ಅಂತ ಕಟ್ಟಿ, ಕೋಡನ್ನೆಲ್ಲ ತಗೊಂಡು 'ಲಿಬ್ರೆ ಆಫೀಸ್' ಅಂತ ಶುರು ಮಾಡಿದರು. ನೀವೂ ಬನ್ನಿ, ಹಳೇ ಹೆಸರನ್ನ ಸಮುದಾಯಕ್ಕೆ ಬಿಟ್ಟುಕೊಡಿ ಅಂತ ಒರಾಕಲ್‌ಗೆ ಕರೆದರು. ಕಂಪನಿ ಕೊಡಲಿಲ್ಲ. ಹಳೇ ಮಂಡಳಿಯಲ್ಲಿದ್ದ ಹೊಸ ಸಂಸ್ಥೆಯವರಿಗೆ, ಎರಡು ದೋಣಿಯಲ್ಲಿ ಕಾಲಿಡಬೇಡಿ, ಹೊರಡಿ ಅನ್ನೋ ಮಾತು ಬಂತು. 2011ರ ಜನವರಿಯಲ್ಲಿ ಲಿಬ್ರೆ ಆಫೀಸಿನ ಮೊದಲ ಆವೃತ್ತಿ ಹೊರಬಂತು. ಲಿನಕ್ಸ್ ಕೂಟಗಳು ಒಂದೊಂದಾಗಿ ಈ ಕಡೆ ಬಂದವು. ಅದೇ ವರ್ಷ ಜೂನ್‌ನಲ್ಲಿ ಒರಾಕಲ್ ಹಳೇದನ್ನ ಅಪಾಚೆ ಪ್ರತಿಷ್ಠಾನಕ್ಕೆ ಕೊಟ್ಟು ಕೈತೊಳೆದುಕೊಂಡಿತು. ಹೊಸಬರು 2012ರಲ್ಲಿ ಬರ್ಲಿನ್‌ನಲ್ಲಿ ಕಾನೂನುಬದ್ಧ ಪ್ರತಿಷ್ಠಾನ ನೋಂದಾಯಿಸಿದರು. ಕೆಲಸ ಮಾಡಿದವರಿಗೆ ಸದಸ್ಯತ್ವ, ಸದಸ್ಯರಿಂದ ಆಡಳಿತ ಮಂಡಳಿಯ ಚುನಾವಣೆ ಅಂತ ನಿಯಮ ಬರೆದಿಟ್ಟರು. ಇವತ್ತು ಲಿಬ್ರೆ ಆಫೀಸ್ ಕನ್ನಡದಲ್ಲೂ ಇದೆ.

ಇದರಲ್ಲಿ ನನ್ನ ಕಣ್ಣಿಗೆ ಬಿದ್ದಿದ್ದು ಎರಡು. ಒಂದು, ಹೋದವರು ಕೋಡ್ ತಗೊಂಡು ಹೋದರು, ಹೆಸರು ತಗೊಂಡು ಹೋಗೋಕೆ ಆಗಲಿಲ್ಲ. ಎರಡು, ಹೋದ ಮೇಲೆ ಮೊದಲು ಮಾಡಿದ ಕೆಲಸಗಳಲ್ಲಿ ಒಂದು ತಮ್ಮನ್ನೇ ಕಟ್ಟಿಹಾಕಿಕೊಳ್ಳೋ ನಿಯಮ ಬರೆದದ್ದು. ಹಳೇ ಮನೆಯಲ್ಲಿ ಯಾವ ಕಾರಣಕ್ಕೆ ಉಸಿರುಗಟ್ಟಿತ್ತೋ ಆ ಕಾರಣ ಹೊಸ ಮನೆಯಲ್ಲಿ ಬರದ ಹಾಗೆ ನೋಡಿಕೊಂಡರು.

ಇನ್ನೊಂದು ಕಥೆ ಕೂಡಿದ್ದು. ಜಿಸಿಸಿ ಅಂತ ಒಂದು ಕಂಪೈಲರ್ ಇದೆ, ಮನುಷ್ಯ ಬರೆದ ಕೋಡನ್ನ ಯಂತ್ರದ ಭಾಷೆಗೆ ತಿರುಗಿಸೋದು. ಸ್ಟಾಲ್ಮನ್ ಅವರೇ ಶುರು ಮಾಡಿದ್ದು. ಬೇರೆಯವರ ತಿದ್ದುಪಡಿ ಒಪ್ಪಿಕೊಳ್ಳೋದು ಬಹಳ ನಿಧಾನ ಅಂತ 1997ರಲ್ಲಿ ಒಂದು ಗುಂಪು ಕವಲೊಡೆದು ಈಜಿಸಿಎಸ್ ಅಂತ ಮಾಡಿತು. ಎರಡು ವರ್ಷದಲ್ಲಿ ಕವಲೇ ಮೂಲಕ್ಕಿಂತ ಮುಂದೆ ಹೋಯ್ತು. ಆಗ ಮೂಲದವರು ಹಠ ಹಿಡಿಯಲಿಲ್ಲ. 1999ರ ಏಪ್ರಿಲ್‌ನಲ್ಲಿ ಕವಲನ್ನೇ ಅಧಿಕೃತ ಜಿಸಿಸಿ ಅಂತ ಒಪ್ಪಿ, ಅದನ್ನ ನಡೆಸ್ತಿದ್ದವರಿಗೇ ಹೊಣೆ ಕೊಟ್ಟರು. ಒಡೆದಿದ್ದು ಕೂಡಿತು. ಕೂಡೋಕೆ ಸಾಧ್ಯ ಆಗಿದ್ದು ಯಾಕೆ? ಎರಡೂ ಕಡೆಯ ಕೆಲಸ ಬಯಲಲ್ಲೇ ನಡೀತಿತ್ತು. ಯಾರು ಎಷ್ಟು ದುಡಿದರು ಅಂತ ಯಾರು ಬೇಕಾದರೂ ತೆಗೆದು ನೋಡಬಹುದಿತ್ತು.

ನಾಯಕನ ವಿಷಯಕ್ಕೂ ಒಂದು ಕಥೆ ಇದೆ. ಪೈಥಾನ್ ಅನ್ನೋ ಕಂಪ್ಯೂಟರ್ ಭಾಷೆ ಹುಟ್ಟಿಸಿದ ಗೀಡೊ ವಾನ್ ರಾಸಮ್ ಅವರನ್ನ ಆ ಸಮುದಾಯದವರು ತಮಾಷೆಗೆ 'ಜೀವಾವಧಿ ದಯಾಳು ಸರ್ವಾಧಿಕಾರಿ' ಅಂತ ಕರೀತಿದ್ದರು. ಕೊನೆಯ ಮಾತು ಅವರದ್ದೇ. 2018ರ ಜುಲೈನಲ್ಲಿ, ಒಂದು ತಿದ್ದುಪಡಿಯ ಜಗಳದಿಂದ ಬೇಸತ್ತು, ಇನ್ನು ಸಾಕು ಅಂತ ಇಳಿದರು. ಮಗನನ್ನೋ ಶಿಷ್ಯನನ್ನೋ ಕೂರಿಸಲಿಲ್ಲ. ನಿಮ್ಮ ಆಡಳಿತ ನೀವೇ ರೂಪಿಸಿಕೊಳ್ಳಿ ಅಂದರು. ಕೋಡ್ ಬರೆಯೋರು ಹಲವು ಮಾದರಿಗಳನ್ನ ಮುಂದಿಟ್ಟು, ಚರ್ಚೆ ಮಾಡಿ, ಮತ ಹಾಕಿದರು. ಐದು ಜನರ ಚುನಾಯಿತ ಮಂಡಳಿ ಬಂತು. ಒಂದೇ ಕಂಪನಿಯ ಇಬ್ಬರಿಗಿಂತ ಹೆಚ್ಚು ಜನ ಅದರಲ್ಲಿ ಇರೋ ಹಾಗಿಲ್ಲ ಅಂತ ನಿಯಮ. 'ಕಂಪನಿ' ಅನ್ನೋ ಜಾಗದಲ್ಲಿ ಕುಟುಂಬ, ಊರು, ಉಪಜಾತಿ ಅಂತ ಹಾಕಿ ಓದಿ ನೋಡಿ, ನಮಗೂ ಸರಿಹೊಂದುತ್ತೆ.

ಇದನ್ನ ಓದಿದಾಗ ನನಗೆ ನೆನಪಾಗಿದ್ದು 1949ರ ನವೆಂಬರ್ 25ರ ಬಾಬಾಸಾಹೇಬರ ಭಾಷಣ, ಸಂವಿಧಾನ ಸಭೆಯಲ್ಲಿ ಮಾಡಿದ್ದು. ಎಷ್ಟೇ ದೊಡ್ಡವನಾದರೂ ಒಬ್ಬ ಮನುಷ್ಯನ ಪಾದಕ್ಕೆ ನಮ್ಮ ಸ್ವಾತಂತ್ರ್ಯ ಒಪ್ಪಿಸಬಾರದು, ಧರ್ಮದಲ್ಲಿ ಭಕ್ತಿ ಏನೋ ಸರಿ, ರಾಜಕೀಯದಲ್ಲಿ ಭಕ್ತಿ ಸರ್ವಾಧಿಕಾರಕ್ಕೆ ದಾರಿ ಅನ್ನೋ ಅರ್ಥದ ಎಚ್ಚರಿಕೆ ಅದರಲ್ಲಿದೆ. ಅದೇ ಭಾಷಣದಲ್ಲಿ ಇನ್ನೊಂದು ಮಾತೂ ಇದೆ, ಅದನ್ನ ನಾವು ಕಡಿಮೆ ನೆನಪಿಸ್ಕೋತೀವಿ. ಪಾರ್ಲಿಮೆಂಟಿನ ನಡಾವಳಿ ನಮಗೆ ಬ್ರಿಟಿಷರು ಕಲಿಸಿದ್ದಲ್ಲ, ಬೌದ್ಧ ಭಿಕ್ಷು ಸಂಘಗಳಿಗೆ ಅದು ಗೊತ್ತಿತ್ತು ಅಂತ. ಕೂರೋ ವ್ಯವಸ್ಥೆ, ಠರಾವು ಮಂಡನೆ, ಕೋರಂ, ಮತ ಎಣಿಕೆ, ಗುಪ್ತ ಮತದಾನ ಎಲ್ಲಕ್ಕೂ ಸಂಘದಲ್ಲಿ ನಿಯಮ ಇತ್ತು.

ಸಂಘ ಅಂದಮೇಲೆ ಒಡಕೂ ಇತ್ತು. ಬುದ್ಧ ಬದುಕಿದ್ದಾಗಲೇ ಕೋಸಂಬಿಯಲ್ಲಿ ಭಿಕ್ಷುಗಳು ಎರಡಾದರು. ಕಾರಣ ಕೇಳಿದರೆ ನಗು ಬರುತ್ತೆ: ಶೌಚದ ಪಾತ್ರೆಯಲ್ಲಿ ಒಬ್ಬರು ನೀರು ಉಳಿಸಿದ್ದು ತಪ್ಪೋ ಅಲ್ಲವೋ ಅನ್ನೋದು. ಬುದ್ಧ ಹೇಳಿದರೂ ಕೇಳಲಿಲ್ಲ, ಆತ ಅವರನ್ನ ಬಿಟ್ಟು ಕಾಡಿಗೆ ಹೋದ. ಆಗ ಬುದ್ಧಿ ಕಲಿಸಿದ್ದು ಊರ ಜನ. ನಿಮಗೆ ನಮಸ್ಕಾರವೂ ಇಲ್ಲ, ಭಿಕ್ಷೆಯೂ ಇಲ್ಲ ಅಂದರು. ಹೊಟ್ಟೆಗೆ ಬಿದ್ದಾಗ ಭಿಕ್ಷುಗಳು ಬುದ್ಧನನ್ನ ಹುಡುಕಿಕೊಂಡು ಹೋಗಿ ಜಗಳ ಬಗೆಹರಿಸಿಕೊಂಡರು. ವಿನಯಪಿಟಕದಲ್ಲಿ ಈ ಪ್ರಸಂಗದ ಕೊನೆಗೆ ಒಂದು ವಿವೇಕದ ಮಾತಿದೆ. ಒಗ್ಗಟ್ಟಿನಲ್ಲಿ ಎರಡು ಬಗೆ. ಜಗಳದ ಮೂಲಕ್ಕೆ ಹೋಗದೆ, ಬರೀ ಅಕ್ಷರದಲ್ಲಿ 'ಒಂದಾದೆವು' ಅನ್ನೋದು ಒಂದು. ಮೂಲಕ್ಕೆ ಹೋಗಿ, ವಿಚಾರಣೆ ಮಾಡಿ, ಅರ್ಥದಲ್ಲೂ ಅಕ್ಷರದಲ್ಲೂ ಒಂದಾಗೋದು ಇನ್ನೊಂದು. ಏಪ್ರಿಲ್ 14ರಂದು ವೇದಿಕೆ ಮೇಲೆ ಕೈಕೈ ಹಿಡಿದು ಎತ್ತಿದ ಫೋಟೋಗಳು ಎಷ್ಟು ಮೊದಲನೇ ಬಗೆಯವು ಅಂತ ನೀವೇ ಲೆಕ್ಕ ಹಾಕಿ.

ಇದೆಲ್ಲ ಎಲ್ಲೋ ಉತ್ತರದ ಕಥೆ ಅಂದ್ಕೋಬೇಡಿ. ಸಂಘ ಒಡೆಯೋರ ವಿರುದ್ಧ ಸಾರನಾಥ, ಸಾಂಚಿ, ಕೋಸಂಬಿಯ ಶಾಸನಗಳಲ್ಲಿ ಆಜ್ಞೆ ಕೆತ್ತಿಸಿದ ಅಶೋಕ ನಮ್ಮ ಮೊಳಕಾಲ್ಮೂರು ತಾಲ್ಲೂಕಿನಲ್ಲೂ ಮಾತಾಡಿದ್ದಾನೆ. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ, ಮೂರೂ ಕಡೆ ಅವನ ಕಿರು ಶಿಲಾಶಾಸನ ಇದೆ. 1892ರಲ್ಲಿ ಬಿ.ಎಲ್. ರೈಸ್ ಲೋಕಕ್ಕೆ ತಿಳಿಸಿದರು. ಸುವರ್ಣಗಿರಿಯಿಂದ ಇಸಿಲದ ಮಹಾಮಾತ್ರರಿಗೆ ಬಂದ ಆದೇಶ ಅದು. ಸಾಧನೆ ಅನ್ನೋದು ದೊಡ್ಡವರಿಗೆ ಮಾತ್ರ ಮೀಸಲಲ್ಲ, ಸಣ್ಣವರೂ ಪ್ರಯತ್ನಪಟ್ಟರೆ ಪಡೀಬಹುದು ಅನ್ನೋ ತಿರುಳು ಅದರಲ್ಲಿದೆ. ಕೊನೆಯಲ್ಲಿ ಬರೆದವನ ಹೆಸರೂ ಇದೆ: ಚಪಡ. ತಾನು ಲಿಪಿಕಾರ ಅನ್ನೋ ಪದವನ್ನ ಮಾತ್ರ ಖರೋಷ್ಠಿ ಲಿಪಿಯಲ್ಲಿ ಬರೆದಿದ್ದಾನೆ. ರಾಜನ ಆದೇಶದ ಕೆಳಗೆ ಗುಮಾಸ್ತನ ಹೆಸರು! ಮುಕ್ತ ತಂತ್ರಾಂಶದಲ್ಲಿ ಒಂದೊಂದು ತಿದ್ದುಪಡಿಗೂ ಮಾಡಿದವರ ಹೆಸರು ದಾಖಲಾಗುತ್ತಲ್ಲ, ಅದನ್ನ ನೋಡಿದಾಗ ನನಗೆ ಚಪಡನ ನೆನಪಾಗುತ್ತೆ. ಸಾರನಾಥದ ಶಾಸನದಲ್ಲಿ ಇನ್ನೊಂದು ವಿಶೇಷ. ಈ ಆಜ್ಞೆಯ ಒಂದು ಪ್ರತಿ ನಿಮ್ಮ ಹತ್ತಿರ ಇರಲಿ, ಇನ್ನೊಂದು ಪ್ರತಿ ಉಪಾಸಕರ ಹತ್ತಿರ, ಅಂದರೆ ಸಾಮಾನ್ಯ ಜನರ ಹತ್ತಿರ ಇರಲಿ ಅಂತ ಹೇಳಿದ್ದಾನೆ. ಒಡೆಯಬೇಡಿ ಅನ್ನೋ ಆಜ್ಞೆ ಸರಿಯೋ ತಪ್ಪೋ ವಾದ ಮಾಡೋಣ. ನಿಯಮದ ಪ್ರತಿ ಜನರ ಕೈಲಿರಬೇಕು ಅನ್ನೋದರಲ್ಲಿ ವಾದವಿಲ್ಲ.

ಈಗ ನಮ್ಮ ಚಳವಳಿಗೆ ಬರೋಣ. ಒಡೆದು ಹೊರಬರೋ ಹಕ್ಕಿನ ದೊಡ್ಡ ಮೇಷ್ಟ್ರು ಬಾಬಾಸಾಹೇಬರೇ. 1936ರಲ್ಲಿ ಲಾಹೋರಿನ ಜಾತ್-ಪಾತ್ ತೋಡಕ್ ಮಂಡಲ ಅವರನ್ನ ಅಧ್ಯಕ್ಷ ಭಾಷಣಕ್ಕೆ ಕರೀತು. ಭಾಷಣದ ಪ್ರತಿ ನೋಡಿ ಹೆದರಿ, ಕೆಲವು ಭಾಗ ತೆಗೀರಿ ಅಂತು. ಒಪ್ಪಲಿಲ್ಲ. ಸಮ್ಮೇಳನವೇ ರದ್ದಾಯ್ತು. ಅವರು ಸ್ವಂತ ಖರ್ಚಿನಲ್ಲಿ 1,500 ಪ್ರತಿ ಅಚ್ಚು ಹಾಕಿಸಿದರು. ಅದೇ ಇವತ್ತು ನಾವೆಲ್ಲ ಓದೋ 'ಜಾತಿ ವಿನಾಶ'. ನಿಮ್ಮ ವೇದಿಕೆ ನಿಮಗೆ, ನನ್ನ ಮಾತು ನನಗೆ. ಆಮೇಲೆ 1935ರಲ್ಲಿ ಯೆವಲಾದಲ್ಲಿ ಮಾಡಿದ ಘೋಷಣೆಗೆ 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಉತ್ತರ ಕೊಟ್ಟರು. ಒಡೆದು ಬರೋಕೆ ಮುಂಚೆ 21 ವರ್ಷ ಯೋಚನೆ, ಬಂದ ದಿನವೇ 22 ಪ್ರತಿಜ್ಞೆ. ಹೊರಗೆ ಕಾಲಿಟ್ಟ ಗಳಿಗೆಯಲ್ಲೇ ನಿಯಮ ಕೈಗೆ ಕೊಟ್ಟರು. ಇದಕ್ಕಿಂತ ಒಳ್ಳೆ ಪಾಠ ಯಾವ ಸಾಫ್ಟ್‌ವೇರ್ ಕಂಪನಿಯಲ್ಲಿ ಸಿಗುತ್ತೆ?

ಅವರ ನಂತರದ ಕಥೆ ನಿಮಗೆ ಗೊತ್ತು. 1957ರಲ್ಲಿ ಹುಟ್ಟಿದ ರಿಪಬ್ಲಿಕನ್ ಪಕ್ಷ ಕೆಲವೇ ವರ್ಷದಲ್ಲಿ ಒಡೀತು, ಆಮೇಲೆ ಒಡೀತಾನೇ ಹೋಯ್ತು. 1972ರಲ್ಲಿ ಮುಂಬೈಯಲ್ಲಿ ಗರ್ಜಿಸಿದ ದಲಿತ ಪ್ಯಾಂಥರ್ಸ್ 1974ರಲ್ಲಿ ನಾಮದೇವ ಧಸಾಳ್ ಒಂದು ಕಡೆ, ರಾಜಾ ಢಾಲೆ ಇನ್ನೊಂದು ಕಡೆ ಆಯ್ತು. ಪ್ರಣಾಳಿಕೆಯಲ್ಲಿ ಕಮ್ಯುನಿಸಂ ತುಂಬಿದೆ ಅನ್ನೋದು ಢಾಲೆಯವರ ಆಕ್ಷೇಪ. 1977ರಲ್ಲಿ ಢಾಲೆ ಮತ್ತು ಜೊತೆಯವರು ಸಂಘಟನೆ ವಿಸರ್ಜನೆ ಆಯ್ತು ಅಂತಲೇ ಘೋಷಿಸಿದರು. ಅಂಥ ಬೆಂಕಿ ಐದು ವರ್ಷ. ಬುದ್ಧನಾ ಮಾರ್ಕ್ಸಾ ಅನ್ನೋದು ನಿಜವಾದ ತಾತ್ವಿಕ ಜಗಳ, ಅದನ್ನ ನಾನು ಸಣ್ಣದು ಅನ್ನಲ್ಲ. ಅಂಥ ಜಗಳವನ್ನ ತೀರಿಸೋ ನಡಾವಳಿ ಇರಲಿಲ್ಲ, ನೋವಿನ ಸಂಗತಿ ಅದು.

ನಮ್ಮ ಕರ್ನಾಟಕದಲ್ಲಿ 1973ರ ಬೂಸಾ ಪ್ರಕರಣ, ಬಸವಲಿಂಗಪ್ಪನವರು ಮಂತ್ರಿಗಿರಿ ಕಳೆದುಕೊಂಡಿದ್ದು, ಅದರ ಕಿಚ್ಚಿನಲ್ಲಿ ಪ್ರೊ. ಬಿ. ಕೃಷ್ಣಪ್ಪನವರು ಭದ್ರಾವತಿಯಲ್ಲಿ ಮೇಷ್ಟ್ರಾಗಿದ್ದುಕೊಂಡೇ ಸಂಗಾತಿಗಳ ಜೊತೆ ದಲಿತ ಸಂಘರ್ಷ ಸಮಿತಿ ಕಟ್ಟಿದ್ದು. ಹೋರಾಟದ ಹಾಡು, ಭೂಮಿ ಹೋರಾಟ, 1986ರಲ್ಲಿ ಚಂದ್ರಗುತ್ತಿಯ ಬೆತ್ತಲೆ ಸೇವೆಗೆ ಅಡ್ಡ ನಿಂತದ್ದು, ಎಲ್ಲ ನಮ್ಮ ಮೈಯಲ್ಲಿ ಹರಿಯೋ ರಕ್ತ. ನಂತರ ಬಣಗಳಾದವು. ಒಂದೇ ಹೆಸರು, ಒಂದೇ ನೀಲಿ, ಹೆಸರಿನ ಮುಂದೆ ಒಂದು ಕಂಸ. ಆ ಕಂಸವೇ ನಮ್ಮ ಆವೃತ್ತಿ ಸಂಖ್ಯೆ! 2022ರ ಡಿಸೆಂಬರ್ 6ರಂದು ಬೆಂಗಳೂರಿನ ನ್ಯಾಷನಲ್ ಕಾಲೇಜು ಮೈದಾನದಲ್ಲಿ ಹಲವು ಬಣಗಳು ಒಂದೇ ವೇದಿಕೆಯಲ್ಲಿ ಸಾಂಸ್ಕೃತಿಕ ಪ್ರತಿರೋಧ ಸಮಾವೇಶ ಮಾಡಿದಾಗ ಎಷ್ಟು ಜನ ಹಿರಿಯರ ಕಣ್ಣು ತುಂಬಿತು. ಕೂಡೋ ಆಸೆ ಸತ್ತಿಲ್ಲ.

ಎಲ್ಲ ಒಡಕೂ ಒಂದೇ ಅಲ್ಲ ಅನ್ನೋದನ್ನೂ ಹೇಳಬೇಕು. 1994ರಲ್ಲಿ ಆಂಧ್ರದಲ್ಲಿ ಮಾದಿಗ ದಂಡೋರ ಎದ್ದಾಗ ಅದನ್ನ ಎಷ್ಟೋ ಜನ ಒಡಕು ಅಂದರು. ಮೀಸಲಾತಿ ಪಾಲಿನಲ್ಲಿ ನಮಗೆ ಬಂದದ್ದು ಎಷ್ಟು ಅಂತ ಕೇಳಿದ್ದೇ ತಪ್ಪಾಯ್ತು. 30 ವರ್ಷ ಆದಮೇಲೆ, 2024ರ ಆಗಸ್ಟ್ 1ರಂದು, ಒಳವರ್ಗೀಕರಣಕ್ಕೆ ಸಂವಿಧಾನದಲ್ಲಿ ಅಡ್ಡಿ ಇಲ್ಲ ಅಂತ ಸುಪ್ರೀಂ ಕೋರ್ಟೇ ಹೇಳಿತು. ದೊಡ್ಡ ಸಭೆಯ ಅಜೆಂಡಾದಲ್ಲಿ ಒಬ್ಬರ ಹಸಿವಿಗೆ ಜಾಗವೇ ಇಲ್ಲದಾಗ ಅವರು ಎದ್ದುಹೋಗಿ ತಮ್ಮ ಸಭೆ ತಾವು ಕರೆಯೋದು ನ್ಯಾಯ. ಒಗ್ಗಟ್ಟು ಅನ್ನೋ ಹೆಸರಲ್ಲಿ ಅವರ ಬಾಯಿ ಮುಚ್ಚಿಸೋದು, ಹಿಂದೂ ಒಗ್ಗಟ್ಟು ಅಂತ ನಮ್ಮ ಬಾಯಿ ಮುಚ್ಚಿಸೋದಕ್ಕಿಂತ ಬೇರೆ ಅಲ್ಲ. ನಮ್ಮ ಹೆಣ್ಣುಮಕ್ಕಳು ನಾಳೆ ಎದ್ದು ತಮ್ಮದೇ ಕವಲು ಮಾಡಿದರೂ ನನಗೆ ಆಶ್ಚರ್ಯ ಇಲ್ಲ. ಧರಣಿಗೆ ಅವರು ಬೇಕು, ಪದಾಧಿಕಾರಿಗಳ ಪಟ್ಟಿಯಲ್ಲಿ ಎಷ್ಟು ಜನ ಇದ್ದಾರೆ ಎಣಿಸಿ.

ಹಾಗಾದರೆ ಆ ಹುಡುಗ ಹೇಳಿದಂಗೆ ನಮ್ಮದೂ ಫೋರ್ಕೇ ಅಂತ ಸಮಾಧಾನ ಮಾಡ್ಕೊಳ್ಳೋಣವೇ? ಇಲ್ಲೇ ನನ್ನ ತಕರಾರು. ಕೋಡ್ ಅನ್ನೋದು ನಕಲು ಮಾಡಿದರೆ ಕಮ್ಮಿ ಆಗಲ್ಲ. ಹೋದವರಿಗೂ ಪೂರ್ತಿ, ಇದ್ದವರಿಗೂ ಪೂರ್ತಿ. ಭೂಮಿ ಹಾಗಲ್ಲ. ನಮ್ಮ ಚಳ್ಳಕೆರೆಯ ಅಮೃತ್ ಮಹಲ್ ಕಾವಲು ಊರ ದನ ಕುರಿ ಮೇಯುತ್ತಿದ್ದ ಹುಲ್ಲುಗಾವಲು. ಅದರ ಸಾವಿರಾರು ಎಕರೆ ಡಿಆರ್‌ಡಿಓ, ಭಾರತೀಯ ವಿಜ್ಞಾನ ಸಂಸ್ಥೆ, ಭಾಭಾ ಅಣು ಸಂಶೋಧನಾ ಕೇಂದ್ರ, ಇಸ್ರೋಗೆ ಹೋಯ್ತು. ಬೇಲಿ ಬಿತ್ತು. ಊರವರು ಹಸಿರು ನ್ಯಾಯಮಂಡಳಿವರೆಗೂ ಹೋದರು. ಕಾವಲನ್ನ ನಕಲು ಮಾಡ್ಕೊಂಡು ಇನ್ನೊಂದು ಕಾವಲು ಮಾಡ್ತೀವಿ ಅನ್ನೋಕೆ ಆಗುತ್ತಾ?

ಸಂಘಟನೆ ಅನ್ನೋದು ಅರ್ಧ ಕೋಡ್, ಅರ್ಧ ಕಾವಲು. ಬಾಬಾಸಾಹೇಬರ ವಿಚಾರ, ಹಾಡು, ಅರ್ಜಿ ಬರೆಯೋ ಕ್ರಮ, ಕಾನೂನಿನ ತಿಳುವಳಿಕೆ ಕೋಡ್ ಇದ್ದಹಾಗೆ. ನೂರು ಬಣ ತಗೊಂಡರೂ ಸವೆಯಲ್ಲ. ಆದರೆ ಹೆಸರು, ಹಳ್ಳಿಯ ಜನ ಇಟ್ಟ ನಂಬಿಕೆ, ಕೂಲಿ ಬಿಟ್ಟು ಧರಣಿಗೆ ಬರೋ ಒಂದು ದಿನ, ಕೊಟ್ಟ ಹತ್ತು ರೂಪಾಯಿ ಚಂದಾ, ಇವು ಕಾವಲು. ಒಡೆದಾಗ ಹಂಚಿಹೋಗ್ತಾವೆ. ನಾಲ್ಕು ಸಲ ಒಡೆದರೆ ಮೇಯೋಕೆ ಹುಲ್ಲೇ ಇರಲ್ಲ.

ಇದರ ಬೆಲೆ ಕೊಡೋರು ಯಾರು? ಮುಖಂಡರಲ್ಲ. ದೌರ್ಜನ್ಯ ನಡೆದ ಮನೆಯ ತಾಯಿ. ಸ್ಮಶಾನಕ್ಕೆ ಜಾಗ ಕೇಳ್ತಿರೋ ಕೇರಿ. ದೌರ್ಜನ್ಯ ತಡೆ ನಿಯಮದ ಪ್ರಕಾರ ಜಿಲ್ಲಾ ಮಟ್ಟದ ಜಾಗೃತಿ ಮತ್ತು ಉಸ್ತುವಾರಿ ಸಮಿತಿ ಮೂರು ತಿಂಗಳಿಗೆ ಒಮ್ಮೆಯಾದರೂ ಸೇರಬೇಕು. ಸಭೆ ಯಾಕೆ ಕರೆದಿಲ್ಲ ಅಂತ ಕೇಳೋ ಅರ್ಜಿ ಒಂದೇ ಆದರೆ ಉತ್ತರ ಬರುತ್ತೆ. ನಾಲ್ಕು ಲೆಟರ್‌ಹೆಡ್‌ನಲ್ಲಿ ನಾಲ್ಕು ಅರ್ಜಿ, ಒಂದರಲ್ಲಿ ಇನ್ನೊಬ್ಬರ ಮೇಲೆ ದೂರು ಬಂದರೆ? ಕಡತದ ಮೇಲೆ 'ಸಂಘಟನೆಗಳಲ್ಲಿ ಒಮ್ಮತವಿಲ್ಲ' ಅಂತ ಒಂದು ಸಾಲು ಬರೆದು ಮುಚ್ಚೋಕೆ ಅಷ್ಟು ಸಾಕು. ಕುರ್ಚಿಯಲ್ಲಿ ಕೂತವರಿಗೆ ನಮ್ಮ ಒಡಕಿನಷ್ಟು ಅನುಕೂಲದ ದಾಖಲೆ ಇನ್ನೊಂದಿಲ್ಲ.

ಇನ್ನೊಂದು ಮಾತು. ಫೋರ್ಕ್ ಮಾಡೋ ಹಕ್ಕು ಎಲ್ಲರಿಗೂ ಇದೆ ಅಂತ ಪರವಾನಗಿ ಹೇಳುತ್ತೆ. ಮಾಡೋ ಶಕ್ತಿ ಯಾರಿಗಿದೆ? ಕಂಪ್ಯೂಟರ್, ಇಂಗ್ಲಿಷ್, ಬಿಡುವಿನ ಸಂಜೆ ಇರೋರಿಗೆ. ಕವಲೊಡೆದ ಯೋಜನೆಗಳಲ್ಲಿ ಬಹಳಷ್ಟು ದುಡಿಯೋರಿಲ್ಲದೆ ಒಣಗಿಹೋಗ್ತಾವೆ. ಹಾಗೇ ಸಂಘಟನೆ ಒಡೆದು ಹೊಸದು ಕಟ್ಟೋ ಶಕ್ತಿ ಇರೋದು ಕಾರು, ಕಾಸು, ಪಕ್ಷದ ನಂಟು ಇರೋರಿಗೆ. ಕೂಲಿಯವನಿಗೆ ಒಂದೇ ದಾರಿ: ಸುಮ್ಮನೆ ಮನೆಗೆ ಹೋಗೋದು. ನಮ್ಮ ಪಟ್ಟಿಯಲ್ಲಿ ಲೆಕ್ಕಕ್ಕೆ ಸಿಗದ ದೊಡ್ಡ ಬಣ ಅದೇ, ಮನೆಗೆ ಹೋದವರ ಬಣ. ಒಳಗಿದ್ದೇ ಪ್ರಶ್ನೆ ಕೇಳೋ ಹಕ್ಕು ಗಟ್ಟಿ ಇದ್ದರೆ ಮಾತ್ರ ಅವರು ಉಳೀತಾರೆ.

ಆ ಹಕ್ಕನ್ನ ಕಾಗದದ ಮೇಲೆ ತಂದ ಒಂದು ಮಾದರಿ ಹೇಳಿ ಮುಗಿಸ್ತೀನಿ. ಡೆಬಿಯನ್ ಅನ್ನೋ ಲಿನಕ್ಸ್ ಯೋಜನೆ 1993ರಲ್ಲಿ ಶುರುವಾಗಿದ್ದು, 1998ರಲ್ಲಿ ತನಗೊಂದು ಸಂವಿಧಾನ ಬರ್ಕೊಂಡಿತು. ವರ್ಷಕ್ಕೊಮ್ಮೆ ನಾಯಕನ ಚುನಾವಣೆ. ನಾಯಕ ಮಾಡಿದ ನಿರ್ಧಾರವನ್ನ ಸದಸ್ಯರು ಠರಾವು ತಂದು ಮತ ಹಾಕಿ ರದ್ದು ಮಾಡಬಹುದು. 2014ರಲ್ಲಿ ಅಲ್ಲೂ ದೊಡ್ಡ ಜಗಳ ಆಯ್ತು, ಕೆಲವರು ಹೊರಹೋಗಿ ಡೆವುವಾನ್ ಅಂತ ಮಾಡಿದರು. ಸಂವಿಧಾನ ಇದ್ದರೆ ಒಡೆಯಲ್ಲ ಅಂತೇನಿಲ್ಲ. ಒಡೆದರೂ ಮನೆ ಬೀಳಲ್ಲ. ಡೆಬಿಯನ್ ಇವತ್ತೂ ನಿಂತಿದೆ, ಹೋದವರೂ ತಮ್ಮ ಪಾಡಿಗೆ ಕೆಲಸ ಮಾಡ್ತಿದ್ದಾರೆ.

ನಮಗೆ ಇದು ಹೊಸದಾಗಬೇಕಿಲ್ಲ. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರಿಂದ ಇದೆ. ಏಳು ಜನ ಸೇರಿದರೆ ಸಂಘ, ವರ್ಷಕ್ಕೊಮ್ಮೆ ಮಹಾಸಭೆ. ಬೈಲಾ ನೋಂದಣಿಗೆ ಅಂತ ಬರೆಸಿ ಟ್ರಂಕಿನಲ್ಲಿಟ್ಟರೆ ಅದು ಚಪಡ ಬರೆದ ಶಾಸನವನ್ನ ಮಣ್ಣಲ್ಲಿ ಹೂತಂಗೆ. ತಾಲ್ಲೂಕು ಮಟ್ಟದಲ್ಲೇ ನಾವು ಮಾಡಬಹುದಾದ್ದು ಇಷ್ಟು:

ಬೈಲಾ ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕಿ ಪ್ರತಿ ಕೇರಿಗೂ ಒಂದು ಪ್ರತಿ. ಓದೋಕೆ ಬರದವರಿಗೆ ಸಭೆಯಲ್ಲಿ ಓದಿ ಹೇಳೋದು.

ರಸೀದಿ ಪುಸ್ತಕ, ಜಮಾ ಖರ್ಚು ಮೂರು ತಿಂಗಳಿಗೊಮ್ಮೆ ಎಲ್ಲರ ಮುಂದೆ. ಬ್ಯಾಂಕ್ ಖಾತೆಗೆ ಒಬ್ಬರ ಸಹಿ ಯಾವತ್ತೂ ಬೇಡ.

ಸೀಲು, ಲೆಟರ್‌ಹೆಡ್, ವಾಟ್ಸಾಪ್ ಗುಂಪಿನ ಅಡ್ಮಿನ್, ಫೇಸ್‌ಬುಕ್ ಪೇಜಿನ ಪಾಸ್‌ವರ್ಡ್ ಕನಿಷ್ಠ ಮೂವರ ಹತ್ತಿರ, ಅದರಲ್ಲಿ ಒಬ್ಬರು ಹೆಣ್ಣುಮಗಳು.

ಒಂದೇ ಮನೆ, ಒಂದೇ ಊರು, ಒಂದೇ ಉಪಜಾತಿಯ ಇಬ್ಬರಿಗಿಂತ ಹೆಚ್ಚು ಜನ ಪದಾಧಿಕಾರಿ ಆಗಬಾರದು. ಎರಡು ಅವಧಿ ಮುಗಿದ ಸಂಚಾಲಕರು ಇಳಿದು ಹಿರಿಯರಾಗಿ ಕೂರಬೇಕು.

ಒಡೆಯೋ ಪರಿಸ್ಥಿತಿ ಬಂದರೆ ಹೇಗೆ ಅಂತ ಮೊದಲೇ ಬರೆದಿಡಬೇಕು. ಹೋಗೋರು ತಕರಾರನ್ನ ಲಿಖಿತವಾಗಿ ಕೊಡಬೇಕು, ಇರೋರು ಅದನ್ನ ಸಭೆಯಲ್ಲಿ ಓದಬೇಕು. ಇರೋರು ಹೋಗೋರಿಗೆ ದಾಖಲೆಗಳ ಪ್ರತಿ ಕೊಡಬೇಕು. ನಡೀತಿರೋ ದೌರ್ಜನ್ಯ ಕೇಸುಗಳಲ್ಲಿ ಮಾತ್ರ ಬಣ ಯಾವುದೇ ಇರಲಿ, ಒಂದೇ ಅರ್ಜಿ, ಒಂದೇ ದನಿ.

ಈ ಕೊನೆಯದೊಂದನ್ನಾದರೂ ಎರಡೂ ತಾಲ್ಲೂಕಿನ ಎಲ್ಲ ಬಣದವರು ಒಪ್ಪಿದರೆ ಸಾಕು, ಉಳಿದ ಜಗಳ ಇನ್ನೂ ಹತ್ತು ವರ್ಷ ಆಡೋಣ. ಜಗಳಕ್ಕೆ ನಾನೂ ಬರ್ತೀನಿ.

ನಿಮ್ಮ ಸಂಘಟನೆಯ ಬೈಲಾ ಕೊನೆಯ ಸಲ ಸಭೆಯಲ್ಲಿ ಓದಿದ್ದು ಯಾವಾಗ ಅಂತ ಕೆಳಗೆ ಬರೀರಿ. ಯಾರನ್ನೂ ಹೆಸರಿಟ್ಟು ಬೈಯೋದು ಬೇಡ, ತಾರೀಖು ಬರೆದರೆ ಸಾಕು.

ಜೈ ಭೀಮ್.